ಐದನೆಯ ಪ್ಲೇಟ್

ಬಾವಿ ಹುಡುಗಿ ಜಾಡಿ ಅಕ್ಕನನ್ನು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಒಂಬತ್ತು ಹತ್ತಕ್ಕೆ. ಆಗ ಅವಳಿಗೆ ಬಾವಿ ಹುಡುಗಿ ಎಂಬ ಹೆಸರು ಇನ್ನೂ ಬಿದ್ದಿರಲಿಲ್ಲ. ಕೆಲಸಕ್ಕೆ ಸೇರುವ ದಿನವೇ ಹತ್ತು ನಿಮಿಷ ತಡವಾಗಿತ್ತು. ಆಸ್ಪತ್ರೆಯ ನೆಲಮಾಳಿಗೆಯ ಗೋಡೆಗಳ ಮೇಲಿನ ಬಾಣದ ಗುರುತುಗಳನ್ನು ನಂಬಿ ನಡೆದವಳು ಮೊದಲು ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಆಮೇಲೆ ಶವಾಗಾರದ ಬಾಗಿಲು ಮುಟ್ಟಿ, ಬೆವರು ಒರೆಸಿಕೊಳ್ಳುತ್ತ ಮೂರನೆಯ ಬಾಗಿಲನ್ನು ತಳ್ಳಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಪದವಿಯ ಸರ್ಟಿಫಿಕೇಟು. ಮಡಿಸಿದರೆ ಗೆರೆ ಬೀಳುತ್ತದೆಂದು ಬಸ್ಸಿನಲ್ಲಿ ಎರಡು ಗಂಟೆ ಎದೆಗೆ ಅವುಚಿಕೊಂಡು ತಂದದ್ದು. ಅವಳ ಮನೆತನದಲ್ಲಿ ಅಂಥ ಕಾಗದ ಬಂದದ್ದು ಅದೇ ಮೊದಲು.

ಒಳಗೆ ಉದ್ದನೆಯ ಕಲ್ಲಿನ ಕಟ್ಟೆ, ಅದರ ಮೇಲೆ ಎರಡು ಸೂಕ್ಷ್ಮದರ್ಶಕ, ಮೂಲೆಯಲ್ಲಿ ಗುಂಯ್‌ಗುಡುವ ಕಾವಿನ ಪೆಟ್ಟಿಗೆ. ಎತ್ತರದ ಸ್ಟೂಲಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಒಂದು ಕಾಲಿನ ಚಪ್ಪಲಿ ಜಾರಿ ಕೆಳಗೆ ಬಿದ್ದಿತ್ತು. ಮಗುವಿಗೆ ಎಣ್ಣೆ ಹಚ್ಚುವವರು ಮಗುವನ್ನು ಹಿಡಿದುಕೊಳ್ಳುವ ಹಾಗೆ ಒಂದು ದಪ್ಪ ಗಾಜಿನಂಥ ಜಾಡಿಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಅದರ ಮುಚ್ಚಳದ ತಿರುಪನ್ನು ಹಲ್ಲುಕಚ್ಚಿ ಬಿಗಿಯುತ್ತಿದ್ದರು. ತುರುಬಿನಲ್ಲಿ ಗಾಜಿನ ಮೇಲೆ ಬರೆಯುವ ಕೆಂಪು ಪೆನ್ಸಿಲ್ಲು ಸಿಕ್ಕಿಸಿತ್ತು.

"ಬಾಗಿಲು ಹಾಕಮ್ಮ, ಗಾಳಿ ಒಳಗೆ ಬರುತ್ತೆ," ಅಂದರು, ತಲೆ ಎತ್ತದೆ.

"ಮೇಡಂ, ನಾನು ಹೊಸ ಟೆಕ್ನಿಷಿಯನ್ನು..."

"ಮೇಡಂ ಮೇಲಿನ ರೂಮಲ್ಲಿರ್ತಾರೆ. ನಾನು ಬರೀ ಅಕ್ಕ. ಬಾ ಇಲ್ಲಿ, ಕೈ ಹಾಕು. ಈ ತಿರುಪು ಇನ್ನರ್ಧ ಸುತ್ತು ಬರಬೇಕು, ನನ್ನ ಮಣಿಕಟ್ಟು ಮಾತು ಕೇಳ್ತಿಲ್ಲ."

ಅವಳು ಸರ್ಟಿಫಿಕೇಟನ್ನು ಕಟ್ಟೆಯ ಒಣಗಿದ ಜಾಗ ನೋಡಿ ಇಟ್ಟು ತಿರುಪಿಗೆ ಕೈ ಹಾಕಿದಳು. ಅರ್ಧ ಸುತ್ತಲ್ಲ, ಮುಕ್ಕಾಲು ಸುತ್ತು ಬಂತು. ಅಕ್ಕ ಆಗ ಮುಖ ಎತ್ತಿ ನೋಡಿದ್ದು, ಅದೂ ಅವಳ ಮುಖವನ್ನಲ್ಲ, ಕೈಯನ್ನು.

"ಅಬ್ಬಾ! ಓದೋ ಹುಡುಗಿ ಕೈಯಾ ಇದು? ಸೌದೆ ಒಡೀತಿದ್ಯಾ?"

"ಹಗ್ಗ ಹಿಡೀತಿದ್ದೆ ಅಕ್ಕ. ನಮ್ಮಪ್ಪ ಬಾವಿ ಹೂಳೆತ್ತೋರು. ಅವರು ಕೆಳಗಿಳಿದ್ರೆ ನಾನು ಮೇಲೆ ಹಗ್ಗಕ್ಕೆ."

"ಹೆದರಿಕೆ ಆಗಲ್ವಾ ಅವರಿಗೆ?"

"ಮೊದಲು ಲಾಟೀನು ಇಳಿಬಿಡ್ತಾರೆ. ಅದು ಆರಿಹೋದ್ರೆ ತಳದಲ್ಲಿ ಗಾಳಿ ಸರಿಯಿಲ್ಲ ಅಂತ. ಆವತ್ತು ಇಳಿಯಲ್ಲ."

ಅಕ್ಕ ಜೋರಾಗಿ ನಕ್ಕರು. "ಸರಿಯಾದ ಜಾಗಕ್ಕೇ ಬಂದಿದೀಯ ಬಿಡು. ನಿಮ್ಮಪ್ಪ ಗಾಳಿ ಇಲ್ಲದ ಕಡೆ ಇಳಿಯಲ್ಲ. ಇದರೊಳಗೆ ಇರೋರು ಗಾಳಿ ಇರೋ ಕಡೆ ಬದುಕಲ್ಲ. ಇಲ್ನೋಡು, ಈ ನೀಲಿ ಪಟ್ಟಿ. ಜಾಡಿಯೊಳಗೆ ಆಮ್ಲಜನಕ ಇರೋವರೆಗೂ ನೀಲಿ. ಈ ಪೊಟ್ಟಣ ಅದನ್ನೆಲ್ಲ ಹೀರಿಕೊಂಡಮೇಲೆ ಬೆಳ್ಳಗಾಗುತ್ತೆ. ಇದೇ ನಮ್ಮ ಲಾಟೀನು ಅಂದ್ಕೋ." ಆಮೇಲೆ ಒಳಗಿನ ಕೋಣೆಯ ಕಡೆ ಕೂಗಿ ಹೇಳಿದರು: "ಯಾರಾದ್ರೂ ಟೀ ತನ್ರೋ, ಬಾವಿ ಹುಡುಗಿ ಬಂದಿದಾಳೆ!"

ಹೆಸರು ಅಂಟಿತು. ತಿಂಗಳೊಳಗೆ ಸ್ಟೋರಿನವನೂ ಹಾಗೇ ಕರೆಯತೊಡಗಿದ.

ಆಸ್ಪತ್ರೆಗೆ ಅವಳು ಬಂದದ್ದು ಗುತ್ತಿಗೆಯ ಮೇಲೆ. ಮೂರು ವರ್ಷ ಕಪ್ಪುಚುಕ್ಕೆಯಿಲ್ಲದಂತೆ ಕೆಲಸ ಮಾಡಿದರೆ ಖಾಯಂ ಆಗುತ್ತದೆ ಎಂದು ಆದೇಶದಲ್ಲಿತ್ತು. ಊರಿನಲ್ಲಿ ಅಪ್ಪ ಮೊದಲ ವಾರದಲ್ಲೇ ಮಗಳಿಗೆ ಖಾಯಂ ಕೆಲಸವಾಯಿತೆಂದು ಸಾರಿಬಿಟ್ಟಿದ್ದರು. ಆ ಸುಳ್ಳನ್ನು ಮೂರು ವರ್ಷದಲ್ಲಿ ನಿಜ ಮಾಡುವ ಹೊಣೆ ಅವಳ ಹೆಗಲಿಗೆ ಬಿದ್ದಿತ್ತು.

ಅಕ್ಕ ಕಲಿಸಿದರು. ಕಾಲೇಜಿನಲ್ಲಿ ಅವಳು ಪುಸ್ತಕದಿಂದ ಕಂಠಪಾಠ ಮಾಡಿದ್ದನ್ನು ಅಕ್ಕ ಮನೆಮಂದಿಯ ಕಥೆಯ ಹಾಗೆ ಹೇಳುತ್ತಿದ್ದರು. "ಬ್ಯಾಕ್ಟೀರಿಯಾದಲ್ಲಿ ಮೂರು ಥರ. ಒಂದು, ಗಾಳಿ ಬೇಕೇ ಬೇಕು ಅನ್ನೋವು. ಕಿಟಕಿ ತೆಗೀದಿದ್ರೆ ಜಗಳ ಆಡೋ ನಮ್ಮತ್ತೆ ಥರ. ಎರಡು, ಗಾಳಿ ಸೋಕಿದ್ರೆ ಸಾಯೋವು. ನಾವು ಉಸಿರಾಡೋ ಆಮ್ಲಜನಕಾನೇ ಅವಕ್ಕೆ ವಿಷ, ಅದನ್ನ ಅರಗಿಸಿಕೊಳ್ಳೋ ಶಕ್ತಿ ಅವುಗಳ ಮೈಯಲ್ಲಿಲ್ಲ. ಮೂರನೇದು ಇದೆಯಲ್ಲ, ಅವು ಕಿಲಾಡಿ. ಗಾಳಿ ಇದ್ರೆ ಹೀಗೆ, ಇಲ್ದಿದ್ರೆ ಹಾಗೆ. ಎಲ್ಲಿಟ್ಟರೂ ಬದುಕ್ತಾವೆ."

ಎರಡನೆಯ ಥರದವುಗಳಿಗಾಗಿಯೇ ಆ ಜಾಡಿ. ಆಳದ ಗಾಯದ ಕೀವು, ಹೊಟ್ಟೆಯೊಳಗಿನ ಬಾವು, ಇಂಥವು ಬಂದಾಗ ಅದನ್ನು ರಕ್ತ ಬೆರೆಸಿದ ಗಟ್ಟಿ ಲೋಳೆ ಹರಡಿದ ಪ್ಲೇಟಿನ ಮೇಲೆ ಬಳಿದು, ಪೊಟ್ಟಣದೊಂದಿಗೆ ಜಾಡಿಯಲ್ಲಿ ಮುಚ್ಚಿ, ಕಾವಿನ ಪೆಟ್ಟಿಗೆಯಲ್ಲಿ ಇಡಬೇಕು. ಎರಡು ದಿನ ಮುಟ್ಟಕೂಡದು. ಅಷ್ಟರಲ್ಲಿ ಅವು ಚುಕ್ಕಿಗಳಾಗಿ ಬೆಳೆದು ಕಣ್ಣಿಗೆ ಕಾಣುತ್ತವೆ. ನಡುವೆ ತೆರೆದರೆ ಎಳೆ ಚುಕ್ಕಿಗಳು ಗಾಳಿ ತಾಗಿ ಸತ್ತುಹೋಗುತ್ತವೆ. ಆಮೇಲೆ ಪ್ಲೇಟು ನೋಡಿದವರಿಗೆ ಅಲ್ಲಿ ಯಾರೂ ಇದ್ದೇ ಇರಲಿಲ್ಲ ಎಂದು ಕಾಣುತ್ತದೆ. "ಮುಚ್ಚಿದ ಜಾಡಿ ಅಂದ್ರೆ ಬಾಣಂತಿ ಕೋಣೆ. ದೊಡ್ಡ ಸಾಹೇಬರೇ ಬಂದು ಬಾಗಿಲು ಬಡಿದ್ರೂ ತೆಗೀಬಾರದು," ಎನ್ನುತ್ತಿದ್ದರು ಅಕ್ಕ. ದೊಡ್ಡ ಸಾಹೇಬರೆಂದರೆ ಆಸ್ಪತ್ರೆಯ ಮುಖ್ಯಸ್ಥರು.

ಇನ್ನೆರಡು ಅಭ್ಯಾಸಗಳನ್ನೂ ಅಕ್ಕನೇ ಹಚ್ಚಿದ್ದು. ಒಂದೇ ಸಲಕ್ಕೆ ಮುಗಿಯುವ ಪೊಟ್ಟಣವನ್ನು ಒಳಗಿಡುವ ಮೊದಲು ಅದರ ಮೇಲೆ ತಾರೀಖು ಬರೆಯಬೇಕು. ಹುಡುಗಿ ಕಪ್ಪು ಮಾರ್ಕರಿನಲ್ಲಿ ಬರೆಯುತ್ತಿದ್ದಳು, ಅಕ್ಕ ತುರುಬಿನ ಕೆಂಪು ಪೆನ್ಸಿಲ್ಲಿನಲ್ಲಿ. ಮತ್ತೆ, ರೋಗಿಗಳ ಪ್ಲೇಟುಗಳ ಜೊತೆ ಒಂದು ಸಾಕ್ಷಿ ಪ್ಲೇಟು ಇಡಬೇಕು. ಅದರಲ್ಲಿ ಗಾಳಿ ಕಂಡರೆ ಸಾಯುವ, ಗುರುತು ಪರಿಚಯವಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನವರೇ ಬಳಿದಿರುತ್ತಾರೆ. ಸಾಕ್ಷಿ ಬೆಳೆದರೆ ಜಾಡಿ ಕೆಲಸ ಮಾಡಿದೆ ಎಂದರ್ಥ. ಸಾಕ್ಷಿಯೇ ಬೆಳೆಯದಿದ್ದರೆ ಉಳಿದ ಪ್ಲೇಟುಗಳ ಮಾತನ್ನೂ ನಂಬುವಂತಿಲ್ಲ.

ಒಂದು ಅಭ್ಯಾಸ ಮಾತ್ರ ಹುಡುಗಿಯದೇ. ಪ್ಲೇಟಿಗೆ ಬಳಿದು ಉಳಿದ ಕೀವನ್ನು ಮಾಂಸದ ಚೂರಿನ ಸಾರು ತುಂಬಿದ ಉದ್ದನೆಯ ಕೊಳವೆಯ ತಳಕ್ಕೆ ಬಿಟ್ಟು, ಅದನ್ನೂ ಕಾವಿಗೆ ಇಡುತ್ತಿದ್ದಳು. ಬಾವಿಯ ತಳದ ಕಪ್ಪು ಕೆಸರು ಅವಳಿಗೆ ಗೊತ್ತಿತ್ತು. ಕಾಲಿಟ್ಟರೆ ಗುಳ್ಳೆ ಏಳುವ, ಮೂಗು ಮುಚ್ಚಿಸುವ ಆ ಕೆಸರಿನೊಳಗೆ ಗಾಳಿ ಇಳಿಯುವುದಿಲ್ಲ. ಕೊಳವೆಯ ತಳವೂ ಹಾಗೇ. "ಎರಡೆರಡು ಕೆಲಸ ಯಾಕೆ ಮಾಡ್ಕೋತೀಯ?" ಎಂದು ಅಕ್ಕ ನಗುತ್ತಿದ್ದರು. ಆದರೆ ಬೇಡ ಅನ್ನುತ್ತಿರಲಿಲ್ಲ.

ಎರಡನೆಯ ವರ್ಷ ಹುಡುಗಿಗೆ ಟೈಫಾಯಿಡ್ ಬಂದಾಗ ಅಕ್ಕ ಹನ್ನೊಂದು ದಿನ ಅವಳ ಬಾಡಿಗೆ ಕೋಣೆಗೆ ಗಂಜಿ ತಂದರು. ತಿರುಪು ಬಿಗಿಯುವ ಕೆಲಸವನ್ನು ಅಷ್ಟೂ ದಿನ ಸ್ಟೋರಿನವನ ಕೈಲಿ ಮಾಡಿಸಿಕೊಂಡರಂತೆ. ನೋಡಲು ಬಂದ ಅಪ್ಪ ಬಾಗಿಲಲ್ಲೇ ನಿಂತು ಅಕ್ಕನನ್ನು ಒಂದು ಗಳಿಗೆ ನೋಡಿ, ಮಗಳ ಕಿವಿಯಲ್ಲಿ ಹೇಳಿದರು: "ನಾನು ನೀರು ನೋಡಿ ಬಾವಿಗಿಳಿಯಲ್ಲ, ಹಗ್ಗ ಹಿಡಿದೋರ ಮುಖ ನೋಡಿ ಇಳೀತೀನಿ. ಈಯಮ್ಮ ಹಿಡಿದ್ರೆ ನಾನು ಇಳೀತೀನಿ ನೋಡು."

ಮೂರನೆಯ ವರ್ಷದ ಕೊನೆಯ ತಿಂಗಳಲ್ಲಿ, ಒಂದು ಶುಕ್ರವಾರ, ಕತ್ತರಿ ಡಾಕ್ಟರು ಅವಳನ್ನು ವಾರ್ಡಿಗೆ ಕರೆಸಿದರು. ಅವರು ಸರ್ಜನ್, ಮಾತು ಕಡಿಮೆ, ಕತ್ತರಿಸಿದಂತೆ ಮಾತಾಡುತ್ತಾರೆಂದು ಆ ಹೆಸರು. ಮಂಚದ ಮೇಲೆ ಒಬ್ಬ ದರ್ಜಿ ಮಲಗಿದ್ದ. ಹತ್ತು ದಿನದ ಹಿಂದೆ ಬಲಗಾಲಿನ ಅಂಗಾಲಿಗೆ ಕೆಸರಿನಲ್ಲಿ ಮೊಳೆ ಹೊಕ್ಕಿತ್ತು. ಮೇಲೆ ಒಣಗಿ ಒಳಗೆ ಊದಿಕೊಂಡ ಗಾಯವನ್ನು ಡಾಕ್ಟರು ಕೊಯ್ದು ತೊಳೆದು ತೆರೆದಿಟ್ಟಿದ್ದರು.

ಹುಡುಗಿ ಗಾಯದ ಆಳಕ್ಕೆ ಸಿರಿಂಜು ಇಳಿಸಿ ಕೀವು ಎಳೆದು, ಒಳಗೆ ಉಳಿದ ಗಾಳಿಯ ಗುಳ್ಳೆಯನ್ನು ಹೊರದೂಡಿ, ಗಾಳಿ ಹೊಗದಂತೆ ಸೂಜಿಯ ಬಾಯನ್ನು ರಬ್ಬರಿಗೆ ಚುಚ್ಚಿದಳು. ಬಾವಿಯ ತಳದ ವಾಸನೆ ಮೂಗಿಗೆ ಬಡಿಯಿತು.

"ಸೂಜಿ ಹಿಡಿಯೋದು ನನಗಿಂತ ಚೆನ್ನಾಗಿ ಬರುತ್ತಮ್ಮ ನಿಮಗೆ," ಅಂದ ದರ್ಜಿ, ನೋವಿನಲ್ಲೂ.

"ಸುಮ್ನಿರಿ ಸಾಕು," ಅವನ ಹೆಂಡತಿ ಗದರಿದಳು. ಆಮೇಲೆ ಹುಡುಗಿಯ ಕಡೆ ತಿರುಗಿ, "ಮೆಷಿನ್ ತುಳಿಯೋ ಕಾಲೇ ಇದು ತಾಯಿ," ಅಂದಳು.

"ಎಡಗಾಲು ಶುದ್ಧ ಸೋಮಾರಿ," ಅಂದ ದರ್ಜಿ. "ಮೂವತ್ತು ವರ್ಷ ಅಂಗಡಿ ನಡೆಸಿದ್ದು ಇದೊಂದೇ. ಇದನ್ನ ಕಳೀಬೇಡಿ."

ಕತ್ತರಿ ಡಾಕ್ಟರು ಬಾಗಿಲವರೆಗೆ ಬಂದರು. "ಸೋಮವಾರ ಹನ್ನೆರಡಕ್ಕೆ ಥಿಯೇಟರಿಗೆ ತಗೋತೀನಿ. ಗಾಳಿ ಬೇಡದ ಬ್ಯಾಕ್ಟೀರಿಯಾ ಇಲ್ಲ ಅಂತ ನಿಮ್ಮ ರಿಪೋರ್ಟ್ ಬಂದ್ರೆ ಗಾಯ ಹೊಲಿದು ಮುಚ್ತೀನಿ. ಇದೆ ಅಂದ್ರೆ ಬಾಯಿ ತೆರೆದೇ ಬಿಟ್ಟು ಔಷಧಿ ಬದಲಾಯಿಸ್ಬೇಕು. ಒಳಗೆ ಅವನ್ನ ಇಟ್ಟು ಮುಚ್ಚಿದ್ರೆ ಪಾದ ಹೋಗುತ್ತೆ. ಹನ್ನೊಂದೂವರೆಗೆ ನನಗೆ ಹೇಳಿ."

ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಲಿದು ಮುಚ್ಚಿದ ಗಾಯವೆಂದರೆ ತಿರುಪು ಬಿಗಿದ ಜಾಡಿಯೇ.

ಲ್ಯಾಬಿಗೆ ಬಂದು ಮೂವರು ರೋಗಿಗಳ ಮೂರು ಪ್ಲೇಟು, ಒಂದು ಸಾಕ್ಷಿ ಪ್ಲೇಟು, ಒಟ್ಟು ನಾಲ್ಕನ್ನು ಜಾಡಿಗಿಟ್ಟಳು. ಲ್ಯಾಬಿನಲ್ಲಿ ಆಗ ಉಳಿದಿದ್ದುದು ಅದೊಂದೇ ಜಾಡಿ. ಇನ್ನೊಂದರ ಮುಚ್ಚಳ ಸೀಳಿ ಎರಡು ತಿಂಗಳಾಗಿತ್ತು. ಪೊಟ್ಟಣದ ಮೇಲೆ ಕಪ್ಪು ಮಾರ್ಕರಿನಲ್ಲಿ ತಾರೀಖು ಬರೆದು, ಮುಚ್ಚಿ, ತಿರುಪು ಬಿಗಿದು, ರಿಜಿಸ್ಟರಿನಲ್ಲಿ ನಾಲ್ಕು ನಂಬರು ಬರೆದು ಸಹಿ ಮಾಡಿದಳು. ದರ್ಜಿಯ ಕೀವನ್ನು ಇನ್ನೊಂದು ಪ್ಲೇಟಿಗೂ ಬಳಿದು ಜಾಡಿಯ ಹೊರಗೆ, ಗಾಳಿಯಲ್ಲೇ ಕಾವಿಗಿಟ್ಟಳು. ಉಳಿದ ಕೀವು ಎಂದಿನಂತೆ ಸಾರಿನ ಕೊಳವೆಗೆ.

ಅಕ್ಕ ಹಿಂದಿನಿಂದ ಬಂದು ಬೆನ್ನು ತಟ್ಟಿದರು. "ಶನಿವಾರ ರಜ ಹಾಕಿ ಊರಿಗೆ ಹೋಗಿ ಬಾರೇ. ಅಪ್ಪನ ಮುಖ ನೋಡಿ ಎಷ್ಟು ದಿನ ಆಯ್ತು? ಜಾಡಿ ಮುಚ್ಚಾಯ್ತಲ್ಲ, ಇನ್ನೇನಿದೆ ಇಲ್ಲಿ? ನಾನಿದೀನಿ."

ಅವಳು ಹೋದಳು. ಶನಿವಾರ ಅಪ್ಪನ ಹಳೆಯ ಹಗ್ಗದ ಎಳೆ ಬಿಚ್ಚಿದ್ದ ಕಡೆ ಗಂಟು ಹಾಕಿಕೊಟ್ಟು, ಭಾನುವಾರ ಸಂಜೆಯ ಬಸ್ಸಿಗೆ ವಾಪಸಾದಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಜಾಡಿಯನ್ನು ಕಾವಿನ ಪೆಟ್ಟಿಗೆಯಿಂದ ಹೊರತೆಗೆದಳು. ಪಟ್ಟಿ ಬೆಳ್ಳಗಿತ್ತು. ಒಳ್ಳೆಯದು. ತಿರುಪು ಮಾತ್ರ ಅವಳ ಬಿಗಿಯಲ್ಲಿರಲಿಲ್ಲ. ಯಾರೋ ಗಂಡಸಿನ ಕೈ ಬಿಗಿದಂತೆ ಗಟ್ಟಿಯಾಗಿತ್ತು. ಮುಚ್ಚಳ ತೆಗೆದು ಪ್ಲೇಟುಗಳನ್ನು ಒಂದೊಂದಾಗಿ ಕಟ್ಟೆಯ ಮೇಲಿಟ್ಟಳು. ಒಂದು, ಎರಡು, ಮೂರು, ನಾಲ್ಕು. ಐದು.

ಮತ್ತೆ ಎಣಿಸಿದಳು. ಐದೇ.

ಅವಳು ಇಟ್ಟಿದ್ದ ನಾಲ್ಕೂ ಬೋಳಾಗಿದ್ದವು. ದರ್ಜಿಯ ಪ್ಲೇಟಿನ ಮೇಲೆ ಒಂದು ಚುಕ್ಕಿಯೂ ಇಲ್ಲ. ಸಾಕ್ಷಿ ಪ್ಲೇಟೂ ಖಾಲಿ. ಐದನೆಯದರ ಮೇಲೆ ಮಾತ್ರ ಬೂದು ಬಣ್ಣದ ಚುಕ್ಕಿಗಳು ಸಾಲುಸಾಲಾಗಿ ಬೆಳೆದಿದ್ದವು. ಜಾಡಿಯ ತಳದಲ್ಲಿದ್ದ ಪೊಟ್ಟಣವನ್ನು ಎತ್ತಿದಳು. ಶುಕ್ರವಾರದ ತಾರೀಖೇ ಇತ್ತು. ಆದರೆ ಕೆಂಪಕ್ಷರದಲ್ಲಿ.

ಅರ್ಥವಾಗುವುದಕ್ಕೆ ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ; ಅರ್ಥವಾದದ್ದನ್ನು ಒಪ್ಪಿಕೊಳ್ಳುವುದಕ್ಕೆ ಬೇಕಾಯಿತು. ಯಾರೋ ನಡುವೆ ಜಾಡಿ ತೆರೆದಿದ್ದಾರೆ. ತೆರೆದು, ಐದನೆಯ ಪ್ಲೇಟು ಸೇರಿಸಿ, ಹಳೆಯ ಪೊಟ್ಟಣ ಬಿಸಾಡಿ, ಹೊಸದರ ಮೇಲೆ ಹಳೆಯ ತಾರೀಖು ಬರೆದು ಮುಚ್ಚಿದ್ದಾರೆ. ಮರೆವಿನಿಂದ ಜಾಡಿ ತೆರೆಯಬಹುದು. ಮರೆವಿನಿಂದ ಯಾರೂ ಹಳೆಯ ತಾರೀಖು ಬರೆಯುವುದಿಲ್ಲ.

ಕಸದ ಡಬ್ಬಿಯಲ್ಲಿ ಅವಳ ಕಪ್ಪು ಅಕ್ಷರದ ಪೊಟ್ಟಣ ಸಿಕ್ಕಿತು. ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಸ್ಟೋರಿಗೆ ಹೋದಳು.

"ಶನಿವಾರ ಅಕ್ಕ ಬಂದಿದ್ರಾ?"

"ಬಂದಿದ್ರಲ್ಲ," ಅಂದ ಸ್ಟೋರಿನವನು. "ಹನ್ನೊಂದಕ್ಕೆ ಬಂದು ಕಾಯ್ತಿದ್ರಂತೆ ಪಾಪ, ನಾನು ಊಟ ಮುಗಿಸಿ ಬಂದಾಗ ಹನ್ನೆರಡೂಕಾಲು. ಪೊಟ್ಟಣ ತಗೊಂಡ್ರು, ತಿರುಪು ಬಿಗಿದುಕೊಡಪ್ಪ ಅಂದ್ರು. ಬಿಗಿದೆ. ಯಾಕೆ, ಗಟ್ಟಿಯಾಗಿ ಕೂತಿಲ್ವಾ?"

"ಕೂತಿದೆ," ಅಂದಳು. ಒಂದು ಗಂಟೆಗೂ ಹೆಚ್ಚು ಹೊತ್ತು ಅವಳ ನಾಲ್ಕು ಪ್ಲೇಟುಗಳು ಬಯಲು ಗಾಳಿಯಲ್ಲಿ ಬಿದ್ದಿದ್ದವು.

ವಾಪಸು ಬಂದಾಗ ಅಕ್ಕ ಸ್ಟೂಲಿನ ಮೇಲೆ ಕೂತು ರಿಪೋರ್ಟು ಬರೆಯುತ್ತಿದ್ದರು. ಮೂರೂ ರೋಗಿಗಳ ಹೆಸರಿನ ಮುಂದೆ "ಬೆಳವಣಿಗೆ ಇಲ್ಲ" ಎಂದು ಬರೆದಾಗಿತ್ತು. ಕೆಳಗೆ ಪರೀಕ್ಷೆ ಮಾಡಿದವರ ಸಹಿಗೆ ಜಾಗ ಬಿಟ್ಟಿದ್ದರು. ಐದನೆಯ ಪ್ಲೇಟು ಅವರ ಮೊಣಕೈಯ ಬಳಿ ಇತ್ತು.

"ಅಕ್ಕ, ಜಾಡಿ ತೆಗೆದ್ರಾ?"

"ಯಾವ ಜಾಡಿ?"

"ಅಕ್ಕ."

ಅಕ್ಕ ಪೆನ್ನು ಕೆಳಗಿಟ್ಟರು. ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಆ ಐದನೇದು ದೊಡ್ಡ ಸಾಹೇಬರ ತಾಯಿದು ಕಣೇ. ಶುಕ್ರವಾರ ಬೆಳಿಗ್ಗೆನೇ ಕೀವು ನನ್ನ ಕೈಗೆ ಕೊಟ್ಟಿದ್ರು. ಫ್ರಿಜ್ಜಿನ ಮೇಲಿಟ್ಟು ಮರೆತೇಬಿಟ್ಟೆ. ಶನಿವಾರ ನೆನಪಾಯ್ತು. ಸೋಮವಾರ ರಿಪೋರ್ಟ್ ಅಂತ ಮೇಡಂ ಮಾತು ಕೊಟ್ಟಾಗಿತ್ತು. ಇರೋದೊಂದು ಜಾಡಿ, ನಾನೇನು ಮಾಡ್ಲಿ? ಒಂದೇ ನಿಮಿಷ ಅಂತ ತೆಗೆದೆ. ತೆಗೆದಮೇಲೆ ನೋಡಿದ್ರೆ ಪೊಟ್ಟಣದ ಡಬ್ಬಿ ಖಾಲಿ."

"ನನಗೆ ಫೋನ್ ಮಾಡಿದ್ರೆ ಬರ್ತಿದ್ದೆ. ಆ ಮೂವರದನ್ನೂ ಮತ್ತೆ ಬಳಿದು ಇಡ್ತಿದ್ದೆ."

"ಈಗ ಆಗಿದ್ದಾಯ್ತು. ಸಹಿ ಹಾಕು."

"ಸಾಕ್ಷಿ ಬೆಳೆದಿಲ್ಲ ಅಕ್ಕ. ಬೆಳವಣಿಗೆ ಇಲ್ಲ ಅಂತ ಹೆಂಗೆ ಬರೆಯೋದು? ಪರೀಕ್ಷೆನೇ ಕೆಟ್ಟಿದೆ ಅಂತ ಬರೀಬೇಕು. ನೀವೇ ಹೇಳಿಕೊಟ್ಟಿದ್ದಲ್ವಾ?"

"ಕೆಟ್ಟಿದೆ ಅಂದ್ರೆ ಯಾಕೆ ಕೆಟ್ತು ಅಂತ ಕೇಳ್ತಾರೆ. ನಿನ್ನ ಖಾಯಂ ಕಾಗದ ಮೇಡಂ ಟೇಬಲ್ ಮೇಲಿದೆ. ನನಗೂ ಕೇಡು, ನಿನಗೂ ಕೇಡು. ಮೂವರೂ ಹೇಗೂ ಔಷಧಿ ತಗೋತಿದಾರೆ, ಗುಣ ಆಗ್ತಾರೆ ಹೋಗು."

ಹುಡುಗಿ ಗಡಿಯಾರ ನೋಡಿದಳು, ಹನ್ನೊಂದು ಹತ್ತು. ಕಾವಿನ ಪೆಟ್ಟಿಗೆಯ ಮೇಲಿನ ಅರೆಯಿಂದ ದರ್ಜಿಯ ಕೊಳವೆಯನ್ನು ತೆಗೆದಳು. ಸಾರು ಕದಡಿತ್ತು. ತಳದ ಮಾಂಸದ ಚೂರುಗಳು ಕಪ್ಪಾಗಿದ್ದವು, ಅವುಗಳ ನಡುವಿನಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಮುಚ್ಚಳ ಸಡಿಲಿಸಿದಾಗ ಬಾವಿಯ ತಳ ಕೋಣೆಗೆಲ್ಲ ಹರಡಿತು. ಒಂದು ಹನಿಯನ್ನು ಸ್ಲೈಡಿನ ಮೇಲೆ ಬಳಿದು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಕಡ್ಡಿ ಮುರಿದು ಚೆಲ್ಲಿದಂತೆ ಬ್ಯಾಕ್ಟೀರಿಯಾ ತುಂಬಿಕೊಂಡಿತ್ತು. ಗಾಳಿಯಲ್ಲಿಟ್ಟ ಪ್ಲೇಟಿನಲ್ಲಿ ಶುಕ್ರವಾರದಿಂದ ಏನೂ ಹುಟ್ಟಿರಲಿಲ್ಲ. ಅಂದಮೇಲೆ ಇವು ಎರಡನೆಯ ಥರದವೇ.

ಅವಳು ಫೋನಿನ ಕಡೆ ಕೈ ಚಾಚಿದಾಗ ಅಕ್ಕ ಮಣಿಕಟ್ಟು ಹಿಡಿದುಕೊಂಡರು. ಬಿಗಿಯಿಲ್ಲದ ಕೈ. ಅವಳು ಬಿಡಿಸಿಕೊಳ್ಳಲೂ ಬೇಕಾಗಲಿಲ್ಲ.

"ನನಗೆ ಇನ್ನು ಎರಡು ವರ್ಷ ಸರ್ವೀಸಿದೆ. ನಿನ್ನ ಮುಂದೆ ಮೂವತ್ತು ವರ್ಷ ಇದೆ," ಅಂದರು ಅಕ್ಕ. "ಬಿದ್ರೆ ಎದ್ದು ನಿಲ್ಲೋಕೆ ಯಾರ ಕೈಲಾಗುತ್ತೆ, ನೀನೇ ಯೋಚನೆ ಮಾಡು."

ಆ ಮಾತು ಕೇಳಿದ ಮೇಲೆ ಅವಳು ನಂಬರು ಒತ್ತಿದಳು. "ಸರ್, ಹೊಲೀಬೇಡಿ. ಜಾಡಿ ಮಧ್ಯೆ ತೆರೆದಿದೆ, ಪ್ಲೇಟ್ ನಂಬೋ ಹಾಗಿಲ್ಲ. ಸಾರಿನ ಕೊಳವೆಯಲ್ಲಿ ಬೆಳೆದಿದೆ."

"ಖಚಿತಾನಾ?"

"ಕಣ್ಣಾರೆ ನೋಡಿದೀನಿ ಸರ್."

"ಸರಿ," ಅಂದು ಕತ್ತರಿ ಡಾಕ್ಟರು ಫೋನು ಇಟ್ಟರು.

ಉಳಿದ ಇಬ್ಬರ ಕೊಳವೆಗಳನ್ನೂ ಅವತ್ತೇ ನೋಡಿ ವಾರ್ಡುಗಳಿಗೆ ತಿಳಿಸಿದಳು. ದರ್ಜಿಯ ಗಾಯವನ್ನು ಹೊಲಿಯಲಿಲ್ಲ. ಔಷಧಿ ಬದಲಾಯಿಸಿ, ದಿನಕ್ಕೆರಡು ಸಲ ತೊಳೆದು, ಗಾಳಿ ಆಡುವಂತೆ ತೆರೆದೇ ಬಿಟ್ಟರು. ಕಿರುಬೆರಳು ಹೋಯಿತು, ಪಾದ ಉಳಿಯಿತು.

ಮೂರನೆಯ ದಿನ ವಿಚಾರಣೆ ಬಂತು. ಜಾಡಿ ಯಾಕೆ ತೆರೆಯಿತೆಂದು ಸರ್ಜನ್ ಬರೆದು ಕೇಳಿದ್ದರು. ದೊಡ್ಡ ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಇಬ್ಬರನ್ನೂ ಮೇಲಿನ ಕೋಣೆಗೆ ಕರೆದರು. ಹುಡುಗಿ ಐದೂ ಪ್ಲೇಟುಗಳನ್ನು ಟ್ರೇಯಲ್ಲಿಟ್ಟುಕೊಂಡು ಹೋದಳು, ಪಕ್ಕದಲ್ಲಿ ಎರಡು ಪೊಟ್ಟಣ. ಮೆಟ್ಟಿಲು ಹತ್ತುವಾಗಲೂ ಅವಳೊಳಗೆ ಒಂದು ಆಸೆಯಿತ್ತು. ಅಕ್ಕ ಹೆದರಿ ಒಂದು ದಿನ ಹಾಗೆ ಅಂದಿರಬಹುದು. ಮೇಡಂ ಮುಂದೆ ನಿಂತಾಗ, ನಾನೇ ತೆಗೆದೆ ಅಂದುಬಿಡುತ್ತಾರೆ. ಹನ್ನೊಂದು ದಿನ ಗಂಜಿ ತಂದವರು.

"ಏನಾಯ್ತು?" ಮೇಡಂ ಕೇಳಿದರು.

ಅಕ್ಕ ಸೆರಗು ಸರಿಮಾಡಿಕೊಂಡರು. "ತಿರುಪು ಸರಿಯಾಗಿ ಬಿಗಿದಿರಲಿಲ್ಲ ಮೇಡಂ. ಗಾಳಿ ಸೋರಿದೆ. ಶುಕ್ರವಾರ ಹುಡುಗಿಗೆ ಊರಿಗೆ ಹೋಗೋ ಆತುರ. ನಾನೇ ನೋಡ್ಬೇಕಿತ್ತು, ನನ್ನದೂ ತಪ್ಪಿದೆ."

ಹುಡುಗಿಗೆ ಮೊದಲು ಕೇಳಿಸಿದ್ದು ತಪ್ಪೇನೋ ಅನಿಸಿತು. ಊರಿಗೆ ಹೋಗಿ ಬಾ ಎಂದು ಬೆನ್ನು ತಟ್ಟಿದ ಕೈಯನ್ನು ನೋಡಿದಳು. ಆ ಕೈ ಮಡಿಲಲ್ಲಿ ತಣ್ಣಗೆ ಕೂತಿತ್ತು. ಅಪ್ಪನ ನೆನಪಾಯಿತು. ನಡುಬಾವಿಯಲ್ಲಿ ಹಗ್ಗ ಸಡಿಲಾದರೆ ಹೇಗಿರುತ್ತದೆಂದು ಅವಳು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಪ್ಪ ಕಡೆಗೂ ಉತ್ತರ ಕೊಟ್ಟಿರಲಿಲ್ಲ.

"ಮೇಡಂ," ಅಂದಳು. ಪರೀಕ್ಷೆಗೆ ಓದಿದವಳ ಹಾಗೆ ಒಂದೊಂದೇ ಹೇಳಿದಳು. "ಗಾಳಿ ಸೋರಿದ್ರೆ ಐದೂ ಸಾಯಬೇಕಿತ್ತು. ಐದನೇದು ಬೆಳೆದಿದೆ, ಪಟ್ಟಿಯೂ ಬೆಳ್ಳಗಿತ್ತು. ಅಂದ್ರೆ ಜಾಡಿ ಗಟ್ಟಿ ಇತ್ತು, ಪೊಟ್ಟಣವೂ ಸರಿ ಇತ್ತು. ನನ್ನ ನಾಲ್ಕು ಮಾತ್ರ ಸತ್ತಿವೆ. ಅವು ಒಳಗೆ ಹೋದಮೇಲೆ, ಐದನೇದು ಒಳಗೆ ಹೋಗೋ ಮುಂಚೆ, ಜಾಡಿ ತೆರೆದಿದೆ. ರಿಜಿಸ್ಟರಲ್ಲಿ ನಾನು ಬರೆದಿರೋದು ನಾಲ್ಕೇ. ಇದು ನನ್ನ ಪೊಟ್ಟಣ, ಕಸದಲ್ಲಿತ್ತು. ಇದು ಜಾಡಿಯಲ್ಲಿದ್ದದ್ದು. ಸ್ಟೋರಿನವರನ್ನ ಕೇಳಿ, ಶನಿವಾರ ತಿರುಪು ಬಿಗಿದಿದ್ದು ಅವರೇ."

ಸ್ಟೋರಿನವನನ್ನು ಕರೆಸಿದರು. ಅವನು ಅಕ್ಕನ ಮುಖ ನೋಡಿದ, ಮೇಡಂ ಮುಖ ನೋಡಿದ. "ಶನಿವಾರಾನೋ, ಅದಕ್ಕೆ ಹಿಂದಿನ ಶನಿವಾರಾನೋ... ನೆನಪಿಲ್ಲ ಮೇಡಂ," ಅಂದ.

"ಈ ಕೆಂಪಕ್ಷರ?" ಮೇಡಂ ಕೇಳಿದರು.

"ನನ್ನ ಪೆನ್ಸಿಲ್ಲು ಕಟ್ಟೆ ಮೇಲೇ ಇರುತ್ತೆ," ಅಂದರು ಅಕ್ಕ. "ಅವಳೂ ಬರೀತಾಳೆ."

ಮೇಡಂ ಐದನೆಯ ಪ್ಲೇಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಅವರು ಈ ವಿಷಯದಲ್ಲೇ ಮೂವತ್ತು ವರ್ಷ ಪಾಠ ಹೇಳಿದವರು. ಚುಕ್ಕಿಗಳು ಏನು ಹೇಳುತ್ತಿವೆಯೆಂದು ಅವರಿಗೆ ಗೊತ್ತಾಗದೆ ಇರಲು ಸಾಧ್ಯವಿರಲಿಲ್ಲ. ಗೊತ್ತಾದದ್ದು ಮುಖದಲ್ಲಿ ಕಂಡಿತು ಕೂಡ. ಆಮೇಲೆ ಪ್ಲೇಟಿನ ಅಂಚಿನಲ್ಲಿ ಬರೆದಿದ್ದ ಹೆಸರು ಓದಿದರು. ದೊಡ್ಡ ಸಾಹೇಬರ ತಾಯಿಯ ಹೆಸರು. ಅವರ ಕೀವು ಒಂದು ದಿನ ಹಾಗೇ ಬಿದ್ದಿತ್ತೆಂಬುದು ಆ ಕೋಣೆಯಿಂದ ಆಚೆ ಹೋಗಕೂಡದ ಮಾತು.

ಪ್ಲೇಟನ್ನು ಟ್ರೇಗಿಟ್ಟರು. "ಎಲ್ಲ ಪ್ಲೇಟೂ ಕುದಿಸಿ ಬಿಸಾಕಿ," ಅಂದರು. "ಜಾಡಿ ಸರಿಯಾಗಿ ಮುಚ್ಚಿರಲಿಲ್ಲ ಅಂತ ಬರೀತೀನಿ. ಸರ್ಜನ್‌ಗೆ ಸಮಯಕ್ಕೆ ತಿಳಿಸಿದ್ದು ಒಳ್ಳೇದಾಯ್ತಮ್ಮ. ನಿನಗೆ ಬೇರೆ ಕಡೆ ಒಳ್ಳೆ ಕೆಲಸ ಸಿಗುತ್ತೆ."

ಅಷ್ಟೇ. ತಿಂಗಳ ಕೊನೆಗೆ ಗುತ್ತಿಗೆ ಮುಗಿದಿದೆ ಎಂಬ ಕಾಗದ ಬಂತು. ಖಾಯಂ ಕಾಗದ ಎಲ್ಲಿ ಹೋಯಿತೆಂದು ಯಾರೂ ಹೇಳಲಿಲ್ಲ.

ಕೊನೆಯ ದಿನ ಅವಳು ಕೋಟು ಮಡಿಸಿಡುತ್ತಿದ್ದಾಗ ಅಕ್ಕ ಬಂದು ಪಕ್ಕದಲ್ಲಿ ನಿಂತರು. ತುರುಬಿನಲ್ಲಿ ಪೆನ್ಸಿಲ್ಲು ಇತ್ತು. "ಬೈದುಬಿಡೇ, ಹಗುರಾಗುತ್ತೆ," ಅಂದರು.

ಬೈಗುಳ ಬರಲಿಲ್ಲ. ಏಕವಚನವೂ ಬರಲಿಲ್ಲ. "ತಿರುಪು ಸರಿಯಾಗಿ ಬಿಗಿದಿದ್ದೆ ಅಂತ ನಿಮಗೆ ಗೊತ್ತಿತ್ತಲ್ಲ ಅಕ್ಕ," ಎಂದಷ್ಟೇ ಕೇಳಿದಳು. "ಮೊದಲ ದಿನದಿಂದ ಗೊತ್ತಿತ್ತಲ್ಲ."

ಅಕ್ಕ ಕಟ್ಟೆಯ ಮೇಲಿನ ಜಾಡಿಯನ್ನು ಬಟ್ಟೆಯಲ್ಲಿ ಒರೆಸತೊಡಗಿದರು. ಹುಡುಗಿ ಬಾಗಿಲು ಹಾಕಿಕೊಂಡು ಹೊರಟಳು. ಗಾಳಿ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಬದುಕುವವರ ಬಗ್ಗೆ ಅಕ್ಕ ನಗುನಗುತ್ತ ಹೇಳಿದ್ದು ಬಸ್ಸಿನಲ್ಲಿ ನೆನಪಾಯಿತು. ಅವತ್ತು ತಾನೂ ನಕ್ಕಿದ್ದಳು.

ಊರಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ಹಗ್ಗ ಸುತ್ತುತ್ತ ಕೂತರು. "ಮುಖ ನೋಡಿ ಇಳೀತೀನಿ ಅಂದಿದ್ನಲ್ಲ," ಅಂದರು ಕೊನೆಗೆ. "ನಾನೂ ಮೋಸ ಹೋದೆ ಬಿಡು." ಆ ವರ್ಷದಿಂದ ಅವರು ಬಾವಿಗೆ ಇಳಿಯುವಾಗ ಸೊಂಟಕ್ಕೆ ಎರಡು ಹಗ್ಗ ಕಟ್ಟಿಕೊಳ್ಳುತ್ತಾರೆ. ಒಂದರ ತುದಿ ಆಳಿನ ಕೈಯಲ್ಲಿ, ಇನ್ನೊಂದರದು ಕಲ್ಲುಕಂಬಕ್ಕೆ.

ದರ್ಜಿ ಮತ್ತೆ ಮೆಷಿನ್ ತುಳಿಯುತ್ತಿದ್ದಾನೆ. ಅವಳಿಗೆ ಕೆಲಸ ಹೋದದ್ದು ಅವನಿಗೆ ಗೊತ್ತಿಲ್ಲ. ಒಮ್ಮೆ ಪೇಟೆಯಲ್ಲಿ ಸಿಕ್ಕಾಗ, "ಆಸ್ಪತ್ರೇಲಿ ಎಲ್ಲ ಚೆನ್ನಾಗಿದಾರಾ? ಆ ಕೆಂಪು ಪೆನ್ಸಿಲ್ ಅಮ್ಮ ವಾರ್ಡಿಗೆ ಬಂದು ನನ್ನ ಕಾಲು ನೋಡಿಕೊಂಡು ಹೋದ್ರು, ಎರಡು ಸಲ. ಒಳ್ಳೆಯವರು," ಅಂದ. ಅವಳು ಹೂಂ ಅಂದಳು. ಆ ಮಾತನ್ನು ಎಲ್ಲಿಡಬೇಕೆಂದು ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ.

ಈಗ ಅವಳು ಒಂದು ಹಾಲಿನ ಡೈರಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಕ್ಯಾನುಗಳಿಂದ ತೆಗೆದ ಹಾಲಿಗೆ ನೀಲಿ ಬಣ್ಣದ ಹನಿ ಹಾಕಿ ಬಿಸಿನೀರಿನಲ್ಲಿಡುತ್ತಾಳೆ. ಹಾಲಿನೊಳಗಿನ ಬ್ಯಾಕ್ಟೀರಿಯಾ ಅಲ್ಲಿರುವ ಆಮ್ಲಜನಕವನ್ನು ಮುಗಿಸಿದ ಹಾಗೆ ನೀಲಿ ಮಾಯವಾಗಿ ಹಾಲು ಬೆಳ್ಳಗಾಗುತ್ತದೆ. ಬೇಗ ಬೆಳ್ಳಗಾದರೆ ಹಾಲು ಕೆಟ್ಟಿದೆ ಎಂದು ಬರೆಯುತ್ತಾಳೆ. ಕೊಳವೆಗಳ ಮೇಲೆ ಗಂಟೆಯನ್ನು ಕಪ್ಪು ಮಾರ್ಕರಿನಲ್ಲಿ ಅವಳೇ ಬರೆಯುತ್ತಾಳೆ. ಅವು ಬೆಳ್ಳಗಾಗುವವರೆಗೆ ಕೋಣೆ ಬಿಟ್ಟು ಏಳುವುದಿಲ್ಲ.